ಮಗುವಿನ ಚಿತ್ರಕ್ಕೆ ರಬ್ಬರ್ ಹಚ್ಚಬೇಡಿ

ಪ್ರತಿ ವರ್ಷ ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಈ ದೂರು ಬರುತ್ತದೆ. "ಮೇಡಂ, ನಮ್ಮ ಮಗ ಆಕಾಶಕ್ಕೆ ಪೂರ್ತಿ ಬಣ್ಣ ತುಂಬೋದೇ ಇಲ್ಲ. ಮೇಲ್ಗಡೆ ಒಂದು ನೀಲಿ ಪಟ್ಟಿ ಎಳೆದು ಬಿಟ್ಟುಬಿಡ್ತಾನೆ. ನೀವು ತಿದ್ದಬಾರದಾ?" ಕೆಲವರು ಮನೆಯಲ್ಲೇ ತಿದ್ದಿ ಕಳಿಸುತ್ತಾರೆ. ಮಗುವಿನ ಗೆರೆ ಯಾವುದು, ಅಪ್ಪನ ಗೆರೆ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾನು ಹೇಳುತ್ತಿರುವುದು ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ವಿಷಯ. ಈ ವಯಸ್ಸಿನಲ್ಲಿ ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನೇ ಜಾಸ್ತಿ ಬರೆಯುತ್ತದೆ. ನೆಲ ಕಾಲಡಿ, ಆಕಾಶ ತಲೆ ಮೇಲೆ. ಅದಕ್ಕೇ ಕೆಳಗೊಂದು ಗೆರೆ, ಮೇಲೊಂದು ಪಟ್ಟಿ. ಕಾರಿಗೆ ನಾಲ್ಕು ಚಕ್ರ ಇರುವುದು ಗೊತ್ತು, ನಾಲ್ಕನ್ನೂ ಬರೆಯುತ್ತದೆ. ಮನೆಯ ಗೋಡೆ ಬರೆದು, ಒಳಗೆ ಅಡುಗೆ ಮಾಡುವ ಅಮ್ಮನನ್ನೂ ಬರೆಯುತ್ತದೆ. ಅಮ್ಮ ಒಳಗೇ ಇದ್ದಾಳಲ್ವಾ? ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಾ ಶಿಕ್ಷಣದ ಪಾಠ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದನ್ನೆಲ್ಲ ಹಂತ ಹಂತವಾಗಿ ವಿವರಿಸಿದ್ದಾರೆ. ಏಳರಿಂದ ಒಂಬತ್ತು ವರ್ಷದವರಲ್ಲಿ ಇದು ತೀರಾ ಸಾಮಾನ್ಯ. ಇದು ತಪ್ಪಲ್ಲ, ಬೆಳವಣಿಗೆ.

ಅಳತೆಯ ವಿಷಯದಲ್ಲಂತೂ ದೊಡ್ಡವರಿಗೆ ತಾಳ್ಮೆಯೇ ಇಲ್ಲ. ಎರಡನೇ ಕ್ಲಾಸಿನ ಹುಡುಗನೊಬ್ಬ ಊರ ತೇರು ಬರೆದಿದ್ದ. ತೇರು ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು. ಹಗ್ಗ ಮಾತ್ರ ಹಾಳೆಯ ಈ ತುದಿಯಿಂದ ಆ ತುದಿಗೆ. ಕಂದು ಕ್ರೇಯಾನ್ ಒತ್ತಿ ಒತ್ತಿ ಮೇಣ ಹೊಳೆಯುತ್ತಿತ್ತು. ಹಗ್ಗ ಹಿಡಿದ ಹುಡುಗನ ಒಂದು ಕೈ ಅವನ ಮೈಗಿಂತ ಉದ್ದ, ಇನ್ನೊಂದು ಕೈಯೇ ಇಲ್ಲ. ಕರೆದೊಯ್ಯಲು ಬಂದಿದ್ದ ಅಕ್ಕ, "ತೇರು ದೊಡ್ಡದಿರಬೇಕು ಕಣೋ" ಎಂದು ರಬ್ಬರ್ ತೆಗೆದಳು. ನಾನು ತಡೆದು, "ಇಲ್ಲಿ ಏನಾಗ್ತಾ ಇದೆ, ಹೇಳು ಪುಟ್ಟ" ಎಂದೆ. "ಹಗ್ಗ ತುಂಬಾ ಭಾರ ಇತ್ತು ಮಿಸ್, ಕೈ ಉರೀತಿತ್ತು. ಇನ್ನೊಂದು ಕೈ ಅಪ್ಪ ಹಿಡ್ಕೊಂಡಿದ್ರು." ಹಗ್ಗ ಸಣ್ಣದು ಮಾಡಿದರೆ ಅವನು ಕಂಡ ಜಾತ್ರೆಯಲ್ಲಿ ಉಳಿಯುವುದೇನು?

ಪದೇ ಪದೇ ತಿದ್ದಿಸಿಕೊಂಡ ಮಗು ಧೈರ್ಯ ಕಳೆದುಕೊಳ್ಳುತ್ತದೆ. "ನೀವೇ ಬರೆದುಕೊಡಿ ಮಿಸ್" ಎನ್ನುತ್ತದೆ. ಇಲ್ಲವೇ ಯಾರೂ ಬೈಯದ ಚಿತ್ರ ಒಂದನ್ನು ಹಿಡಿದುಕೊಳ್ಳುತ್ತದೆ: ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಗುಡಿಸಲು, ತೆಂಗಿನಮರ. ವಿಜಯಪುರದ ಕಡೆಯ ಬಯಲಿನಲ್ಲೂ ಇದೇ ಚಿತ್ರ. ಕಿಟಕಿಯಾಚೆ ಜೋಳದ ಹೊಲ, ಹಾಳೆಯಲ್ಲಿ ಬೆಟ್ಟ. ನೋಡಿದರೆ ಸಂಕಟವಾಗುತ್ತದೆ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ನಿಜ. ಎರಡನೇ ಕ್ಲಾಸಿಗೆ ಬಂದರೂ ಪೆನ್ಸಿಲ್ ಹಿಡಿಯಲು ತುಂಬಾ ಕಷ್ಟಪಡುತ್ತಿದ್ದರೆ ಕ್ಲಾಸ್ ಟೀಚರ್ ಜೊತೆ, ಮಕ್ಕಳ ಡಾಕ್ಟರ್ ಜೊತೆ ಮಾತಾಡಿ. ಆದರೆ ಬರೀ ಚಿತ್ರ ನೋಡಿ ಏನನ್ನೂ ತೀರ್ಮಾನಿಸಬೇಡಿ. "ಬರೀ ಕಪ್ಪು ಬಣ್ಣ ಬಳೀತಾಳೆ, ಮನಸ್ಸಿಗೆ ಏನಾದ್ರೂ ಆಗಿದ್ಯಾ" ಎಂದು ಗಾಬರಿಯಾಗಿ ಬರುವವರಿದ್ದಾರೆ. ಮೊದಲು ಕ್ರೇಯಾನ್ ಡಬ್ಬಿ ತೆಗೆದು ನೋಡಿ. ಎಷ್ಟೋ ಸಲ ಮುರಿಯದೆ ಉಳಿದಿರುವುದು ಅದೊಂದೇ.

ಹಾಗಾದರೆ ಏನೂ ಹೇಳಿಕೊಡಬಾರದಾ? ಹೇಳಿಕೊಡಿ. ಬ್ರಷ್ ತೊಳೆಯುವುದು, ನೀರು ಎಷ್ಟು ಹಾಕಬೇಕು, ಹಳದಿ ನೀಲಿ ಸೇರಿಸಿದರೆ ಏನಾಗುತ್ತದೆ, ಇದೆಲ್ಲ ಮೊದಲ ದಿನದಿಂದಲೇ ಆಗಲಿ. ಅಳತೆ, ದೂರ-ಹತ್ತಿರ ಮಾತ್ರ ಮಗು ತಾನಾಗಿ ಕೇಳುವವರೆಗೆ ಕಾಯಿರಿ. ಸಾಮಾನ್ಯವಾಗಿ ನಾಲ್ಕನೇ, ಐದನೇ ಕ್ಲಾಸಿನಲ್ಲಿ ಕೇಳುತ್ತಾರೆ: "ನನ್ನ ಹಸು ಯಾಕೆ ಹಸು ಥರ ಕಾಣ್ತಿಲ್ಲ?" ಆಗ ಹೊರಗೆ ಕರೆದುಕೊಂಡು ಹೋಗಿ ಹಸುವನ್ನೇ ತೋರಿಸಿ. ಕಾಲು ಎಲ್ಲಿ ಮಡಚುತ್ತದೆ, ಕಿವಿ ಕೊಂಬಿನ ಕೆಳಗಿದೆಯಾ ಮೇಲಿದೆಯಾ, ಅವರೇ ನೋಡಿ ಹೇಳಲಿ. ಬರೆದು ತೋರಿಸಲೇಬೇಕು ಅನಿಸಿದರೆ ನಿಮ್ಮದೇ ಬೇರೆ ಹಾಳೆಯಲ್ಲಿ ಬರೆಯಿರಿ.