ಮರಗಸಿಗೆ ಮೊದಲು ಕೊರಕ ಯಾವುದೆಂದು ನೋಡಿ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ಬೆಳೆಗಾರರು ಮರಗಸಿ (ನೆರಳುಮರಗಳ ಕೊಂಬೆ ಸವರುವುದು) ಎಷ್ಟು ಮಾಡಿಸಬೇಕೆಂದು ಕೇಳಿದಾಗ, ತೋಟದಲ್ಲಿ ಹೆಚ್ಚಿರುವುದು ಬಿಳಿ ಕಾಂಡಕೊರಕವೋ ಕಾಯಿಕೊರಕವೋ ಎಂದು ತಿಳಿಯದೆ ನಾನು ಉತ್ತರ ಹೇಳುವುದಿಲ್ಲ. ಎರಡೂ ದುಂಬಿಗಳೇ ಆದರೂ, ನೆರಳು ತೆಳುವಾಗಿ ಕಾಂಡಕ್ಕೆ ಬಿಸಿಲು ತಾಗಿದರೆ ಕಾಂಡಕೊರಕಕ್ಕೆ ಅನುಕೂಲ. ನೆರಳು ದಟ್ಟವಾಗಿ ತೇವ ನಿಂತರೆ ಕಾಯಿಕೊರಕಕ್ಕೆ.

ಕಾಂಡಕೊರಕ ಮುಖ್ಯವಾಗಿ ಅರೇಬಿಕಾ ಕಾಫಿಯ ಶತ್ರು. ಇನ್ನೊಂದು ಜಾತಿಯಾದ ರೋಬಸ್ಟಾದಲ್ಲಿ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ಪುನಃ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರಾಡುವ ಹೆಣ್ಣು ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ತೊಗಟೆಯ ಅಡಿಯಲ್ಲಿ ತಿಂದು, ಅನಂತರ ಕಟ್ಟಿಗೆಯೊಳಗೆ ಇಳಿದು, ತಾನು ಬಂದ ದಾರಿಯನ್ನು ಹಿಕ್ಕೆಯ ಪುಡಿಯಿಂದ ಗಟ್ಟಿಯಾಗಿ ತುಂಬುತ್ತ ಸಾಗುವುದರಿಂದ, ಹೊರಗೆ ರಂಧ್ರವೂ ಕಾಣದು, ಸಿಂಪಡಿಸಿದ ಔಷಧಿಯೂ ಒಳಗೆ ತಲುಪದು. ಕಾಂಡದ ಮೇಲೆ ಎದ್ದ ಉಬ್ಬುಗೆರೆ, ಹಳದಿಗೆ ತಿರುಗಿ ಬಾಡಿದ ಎಲೆ, ಇವಷ್ಟೇ ಗುರುತು. ಆದ್ದರಿಂದ ಕೆಲಸವೆಲ್ಲ ಹಾರಾಟಕ್ಕೆ ಮೊದಲೇ ಮುಗಿಯಬೇಕು: ಮುಖ್ಯಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ (ಕತ್ತಿಯಿಂದ ಕೆರೆಯುವುದು ಬೇಡ, ಗಿಡಕ್ಕೆ ಗಾಯವಾಗುತ್ತದೆ) ಶೇ. 10ರ ಸುಣ್ಣದ ನೀರು ಹೊಡೆಯಬೇಕು, ಹುಳುಬಿದ್ದ ಗಿಡವನ್ನು ಕಿತ್ತು ಸುಡಬೇಕು. ಕಿತ್ತ ಬೊಡ್ಡೆಯನ್ನು ಸೌದೆಗೆಂದು ಮನೆಯ ಹಿಂದೆ ಒಟ್ಟಿದರೆ ದುಂಬಿ ಅಲ್ಲಿಂದಲೇ ಹೊರಬರುತ್ತದೆ.

ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎರಡು ಮಿಲಿಮೀಟರೂ ಮೀರದ ಈ ಕಪ್ಪು ದುಂಬಿ ಅರೇಬಿಕಾ, ರೋಬಸ್ಟಾ ಎರಡನ್ನೂ ಬಿಡದು. ಕಾಯಿಯ ತುದಿಯ ಹೊಕ್ಕಳಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಒಳಗೆ ಸಂಸಾರ ನಡೆದಿದೆಯೆಂದೇ ತಿಳಿಯಬೇಕು. ಗಂಡಿಗೆ ಹಾರಲು ಬಾರದು. ಒಡಹುಟ್ಟಿದವುಗಳೇ ಬೀಜದೊಳಗೆ ಕೂಡಿ, ಗರ್ಭ ಧರಿಸಿದ ಹೆಣ್ಣುಗಳು ಮಾತ್ರ ಹೊಸ ಕಾಯಿ ಹುಡುಕಿ ಹೊರಡುತ್ತವೆ. ಕುಯ್ಲಿನ ನಂತರ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಗಳೇ ಮುಂದಿನ ಫಸಲಿನವರೆಗೆ ಅವುಗಳಿಗೆ ಆಸರೆ. ಅರೇಬಿಕಾ ಕುಯ್ಲು ಮುಗಿದಾಗ ಪಕ್ಕದಲ್ಲೇ ರೋಬಸ್ಟಾ ಹಣ್ಣಾಗುತ್ತಿರುವ ಮಿಶ್ರ ತೋಟಗಳಲ್ಲಂತೂ ಉದುರುಕಾಯಿ ಆರಿಸುವ ಕೂಲಿಯನ್ನು ಉಳಿಸಲು ಹೋಗಬಾರದು. ಆರಿಸಿದ ಕಾಯನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿಯೇ ಕಣಕ್ಕೆ ಹಾಕಬೇಕು, ಪಾರ್ಚ್‌ಮೆಂಟ್ (ಹೊರಸಿಪ್ಪೆ, ತಿರುಳು ತೆಗೆದು ಒಣಗಿಸುವ ಬೀಜ) ಶೇ. 10ರ ತೇವಾಂಶಕ್ಕೆ ಇಳಿಯುವ ಮೊದಲೇ ಚೀಲ ತುಂಬಿದರೆ ಗೋದಾಮಿನಲ್ಲಿಯೂ ಹುಳು ಸಂತಾನ ಮುಂದುವರಿಸುತ್ತದೆ.