ಹುಣಸೆ ದಿಮ್ಮಿಯ ಮೇಲೊಂದು ಗುಬ್ಬಚ್ಚಿ

ಮರದಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವ ಹುಚ್ಚು ಹಿಡಿದಾಗ ನನ್ನ ಕೈಗೆ ಮೊದಲು ಸಿಕ್ಕಿದ್ದು ಮಾವಿನ ಹಲಗೆ. ಕೋಲಾರದಲ್ಲಿ ಮಾವಿಗೇನು ಬರ? ಹಲಗೆಯ ಮೇಲೆ ಒಂದು ಗುಬ್ಬಚ್ಚಿ ಬರೆದೆ. ಬಿಳಿ ಇರಬೇಕಾದ ಜಾಗವನ್ನು ಉಳಿಯಿಂದ ಕೆತ್ತಿ ತೆಗೆಯಬೇಕು, ಕಪ್ಪು ಗೆರೆ ಎದ್ದು ನಿಲ್ಲಬೇಕು. ಅದಕ್ಕೆ ಶಾಯಿ ಸವರಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಬರುತ್ತದೆ. ರಬ್ಬರ್ ಸ್ಟಾಂಪಿನ ಲೆಕ್ಕವೇ. ಬೆನ್ನು, ಬಾಲ ಚೆನ್ನಾಗಿಯೇ ಬಂದವು. ಕೊಕ್ಕಿನ ಹತ್ತಿರ ಅಡ್ಡ ಗೆರೆ ಎಳೆಯುವಾಗ ಚಟ್ ಅಂತ ಚಕ್ಕೆ ಎದ್ದು ಕೊಕ್ಕೇ ಹೋಯಿತು. ಉಳಿ ಮೊಂಡಾಗಿದೆ ಅಂದುಕೊಂಡು ಮಸೆದೆ. ಮತ್ತೆ ಅದೇ ಕಥೆ.

ಮರ ಅಂದರೆ ಬಿಗಿಯಾಗಿ ಕಟ್ಟಿದ ಪೊರಕೆ ಇದ್ದ ಹಾಗೆ. ನಾರುಗಳು, ನೀರು ಏರುವ ಸಣ್ಣ ಕೊಳವೆಗಳು ಎಲ್ಲವೂ ಬುಡದಿಂದ ತುದಿಯ ಕಡೆಗೇ ಸಾಗುತ್ತವೆ. ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಈ ಕಡ್ಡಿಗಳು ಮಲಗಿರುತ್ತವೆ. ಅವುಗಳ ಜೊತೆಗೆ ಹೋದರೆ ಉಳಿ ಸಲೀಸು. ಅಡ್ಡ ಹೋದರೆ ಕಡ್ಡಿಯೇ ಕಿತ್ತು ಬರುತ್ತದೆ.

ಇದಕ್ಕೆ ಉಪಾಯ ಕಂಡಿದ್ದು ನಮ್ಮ ಬೀದಿಯ ಮಟನ್ ಅಂಗಡಿಯಲ್ಲಿ. ಅಲ್ಲಿ ಮಾಂಸ ಕೊಚ್ಚುವ ಹುಣಸೆ ದಿಮ್ಮಿಯನ್ನು ಮಲಗಿಸಿರಲಿಲ್ಲ, ನಿಲ್ಲಿಸಿದ್ದರು. ಮೇಲೆ ಕಾಣುವುದು ನಾರಿನ ತುದಿಗಳು ಮಾತ್ರ. ಕತ್ತಿ ಯಾವ ದಿಕ್ಕಿಗೆ ಬಿದ್ದರೂ ಅವುಗಳ ನಡುವೆ ಇಳಿಯುತ್ತದೆ, ಚಕ್ಕೆ ಏಳುವುದಿಲ್ಲ. ಇಂಥ ದಿಮ್ಮಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದಕ್ಕೆ, "ಏನ್ ಸಾರ್, ನೀವೂ ಅಂಗಡಿ ಇಡ್ತೀರಾ?" ಅಂತ ನಕ್ಕರು.

ಇಂಗ್ಲೆಂಡಿನ ಚಿತ್ರ ಕೆತ್ತನೆಗಾರ ಥಾಮಸ್ ಬ್ಯೂಯಿಕ್ (1753–1828) ಹೆಸರು ಮಾಡಿದ್ದೂ ಹೀಗೆ ಅಡ್ಡಕ್ಕೆ ಕೊಯ್ದ ಮರದ ಮೇಲೆಯೇ. ಹಲಗೆ ಕೆತ್ತನೆ ಅದಕ್ಕಿಂತ ಎಷ್ಟೋ ಹಳೆಯದು. ಚೀನಾದಲ್ಲಿ 868ರಲ್ಲಿ ಅಚ್ಚಾದ ವಜ್ರಸೂತ್ರದಲ್ಲಿ ಬುದ್ಧನ ಚಿತ್ರವಿದೆ. ಬ್ಯೂಯಿಕ್ ಹಿಡಿದದ್ದು ಲೋಹ ಕೆತ್ತುವವರ ಚೂಪು ಸಾಧನ, ಬ್ಯೂರಿನ್. ಮರ ಬಾಕ್ಸ್‌ವುಡ್. ಅದು ಬೆಳೆಯುವುದು ಬಹಳ ನಿಧಾನ, ಕೊಳವೆಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಹಾಗಾಗಿ ಕೂದಲೆಳೆಯ ಗೆರೆಯೂ ನಿಲ್ಲುತ್ತದೆ. 1797ರಲ್ಲಿ ಬಂದ ಅವನ ಹಕ್ಕಿಗಳ ಪುಸ್ತಕದಲ್ಲಿ ಒಂದೊಂದು ಗರಿಯನ್ನೂ ಬೇರೆಬೇರೆಯಾಗಿ ನೋಡಬಹುದು. ನನಗಂತೂ ಹೊಟ್ಟೆಕಿಚ್ಚಾಗುತ್ತದೆ. ಇನ್ನೊಂದು ಅನುಕೂಲವೂ ಇತ್ತು. ನಿಂತ ನಾರು ಭಾರ ಚೆನ್ನಾಗಿ ತಡೆಯುತ್ತದೆ. ಆ ಮರದ ತುಂಡನ್ನು ಸುಮಾರು 23 ಮಿಲಿಮೀಟರ್ ಎತ್ತರಕ್ಕೆ, ಅಂದರೆ ಸೀಸದ ಅಚ್ಚುಮೊಳೆಯಷ್ಟೇ ಎತ್ತರಕ್ಕೆ ತಂದರೆ, ಅಕ್ಷರ, ಚಿತ್ರ ಎರಡೂ ಒಂದೇ ಒತ್ತಿಗೆ ಅಚ್ಚಾಗುತ್ತವೆ.

ಸಾಮಿಲ್‌ನಲ್ಲಿ ಒಂದು ಹುಣಸೆ ಬಿಲ್ಲೆ ಕೊಯ್ಯಿಸಿಕೊಂಡು ಬಂದೆ. ಉಜ್ಜಿ ನುಣುಪು ಮಾಡಿ ಅಚ್ಚು ತೆಗೆದರೆ ಗುಬ್ಬಚ್ಚಿಗೆ ಕೊಕ್ಕೇನೋ ಬಂತು. ಆದರೆ ಹುಣಸೆಯ ಕೊಳವೆಗಳು ದೊಡ್ಡವು ಅಲ್ವಾ? ಕಪ್ಪಿನ ತುಂಬ ಬಿಳಿ ಚುಕ್ಕಿ, ಸಿಡುಬು ಎದ್ದ ಹಾಗೆ. ಒಂದೇ ತಿಂಗಳಲ್ಲಿ ಬಿಲ್ಲೆ ನಡುವಿನಿಂದ ಅಂಚಿನವರೆಗೆ ಸೀಳಿತು. ಒಣಗುವಾಗ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಬಿಲ್ಲೆಯಲ್ಲಿ ಕಾಣುವ ಬೆಳವಣಿಗೆಯ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಇಡೀ ಬಿಲ್ಲೆ ಬಾಯಿ ಬಿಡುತ್ತದೆ.

ಎರಡನೇ ಬಿಲ್ಲೆಯನ್ನು ಹಸಿ ಇರುವಾಗಲೇ ನಾಲ್ಕು ಪಾಲು ಮಾಡಿಸಿ ಅಟ್ಟದ ಮೇಲಿಟ್ಟಿದ್ದೇನೆ. ಅದು ಒಣಗುವವರೆಗೆ ಮಾವಿನ ಹಲಗೆಯೇ ಗತಿ. ಅದಕ್ಕೆ ಸದ್ಯ ಕೊಕ್ಕಿಲ್ಲದ ಚಿತ್ರ ಹುಡುಕುತ್ತಿದ್ದೇನೆ.