ಕೋಹಾರ್ಟ್: ದೊಡ್ಡ ಸಮೀಕ್ಷೆಗೆ ಇನ್ನೊಂದು ಹೆಸರಲ್ಲ

ಸಾವಿರಾರು ಜನರ ರಕ್ತ ಪರೀಕ್ಷಿಸಿ, ಪ್ರಶ್ನಾವಳಿ ತುಂಬಿಸಿಕೊಂಡು ಒಂದೇ ಸಲಕ್ಕೆ ಮುಗಿಸಿದ ಸಮೀಕ್ಷೆಗೂ ‘ಕೋಹಾರ್ಟ್ ಅಧ್ಯಯನ’ ಎಂಬ ಪಟ್ಟ ಕಟ್ಟುವುದು ಅತಿಯಾಗಿದೆ. ಎಷ್ಟು ಜನ ಎಂಬುದು ಇಲ್ಲಿ ಎರಡನೆಯ ಮಾತು. ಮಾಲಿನ್ಯದ ಪರಿಣಾಮ ಅರಿಯುವುದಾದರೆ, ಯಾರು ಯಾವ ಗಾಳಿ ಉಸಿರಾಡಿದರು, ಯಾವ ನೀರು ಕುಡಿದರು ಎಂಬುದನ್ನು ಮೊದಲು ಹಿಡಿದು, ಆಮೇಲೆ ಅದೇ ಜನರಿಗೆ ಏನಾಯಿತೆಂದು ವರ್ಷಗಟ್ಟಲೆ ನೋಡಿದರೆ ಮಾತ್ರ ಅದು ಕೋಹಾರ್ಟ್.

ರೋಮನ್ ಸೈನ್ಯದಲ್ಲಿ ಲೀಜನ್ ಎಂಬ ದೊಡ್ಡ ಪಡೆಯ ಹತ್ತನೆಯ ಒಂದು ಭಾಗಕ್ಕೆ ಈ ಹೆಸರಿತ್ತು. ಜನಸಮೂಹಗಳಲ್ಲಿ ರೋಗ ಹರಡುವ ಬಗೆ ಅರಸುವ ಎಪಿಡೆಮಿಯಾಲಜಿಯಲ್ಲಿ ಅದಕ್ಕೆ ಬೆಲೆ ಬಂದದ್ದು ಆ ಶಾಸ್ತ್ರದ ಅಮೆರಿಕದ ತಜ್ಞ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಅವರ ಕ್ಷಯರೋಗದ ಲೆಕ್ಕದಿಂದ. ಅದು ಅವರ ಮರಣಾನಂತರ 1939ರಲ್ಲಿ ಪ್ರಕಟವಾಯಿತು. ಯಾವುದೋ ಒಂದು ವರ್ಷದ ಸಾವುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ, ವಯಸ್ಸಾದಂತೆ ಕ್ಷಯದ ಅಪಾಯ ಏರುವಂತೆ ಕಾಣುತ್ತಿತ್ತು. ಫ್ರಾಸ್ಟ್ ಒಂದೇ ದಶಕದಲ್ಲಿ ಹುಟ್ಟಿದವರನ್ನು ಒಂದು ಗುಂಪಾಗಿಸಿ ಬಾಲ್ಯದಿಂದ ಹಿಂಬಾಲಿಸಿದರು. ಆಗ ಚಿತ್ರವೇ ಬದಲಾಯಿತು: ಆ ವೃದ್ಧರು ಎಳವೆಯಲ್ಲಿ ಇನ್ನೂ ಹೆಚ್ಚಿನ ಅಪಾಯ ದಾಟಿ ಬಂದ ತಲೆಮಾರಿನವರು. ಒಂದು ದಿನದ ಸಮೀಕ್ಷೆ ಎಷ್ಟೇ ದೊಡ್ಡದಾಗಿರಲಿ, ಇದನ್ನು ತೋರಿಸಲಾರದು.

ಇನ್ನು ಕೋಹಾರ್ಟ್‌ಗೆ ಸೇರುವವರ ‘ವೈವಿಧ್ಯ’. ಜನಗಣತಿಯ ಅನುಪಾತದಲ್ಲಿ ಎಲ್ಲ ಸಮುದಾಯಗಳಿಂದ ಒಂದಿಷ್ಟು ಜನರನ್ನು ಆರಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸಾಲದು. ಜನಸಂಖ್ಯೆಯ ಶೇ 2ರಷ್ಟಿರುವ ಗುಂಪಿನಿಂದ ಶೇ 2ರಷ್ಟೇ ಜನರನ್ನು ಸೇರಿಸಿಕೊಂಡರೆ, ಹತ್ತು ಸಾವಿರ ಜನರ ಅಧ್ಯಯನದಲ್ಲಿ ಅವರು ಇನ್ನೂರು. ಅಪರೂಪದ ಕಾಯಿಲೆಯ ಬಗ್ಗೆ ಅವರ ಪರವಾಗಿ ಏನನ್ನೂ ಹೇಳಲಾಗದು. ಆದ್ದರಿಂದಲೇ ಅಂಥ ಗುಂಪುಗಳನ್ನು ಅನುಪಾತ ಮೀರಿ ಸೇರಿಸಿಕೊಳ್ಳಬೇಕು. ಮಾಲಿನ್ಯದ ಪ್ರಮಾಣದಲ್ಲೂ ವ್ಯತ್ಯಾಸ ಬೇಕು. 1993ರಲ್ಲಿ ಪ್ರಕಟವಾದ ಅಮೆರಿಕದ ‘ಆರು ನಗರಗಳ ಅಧ್ಯಯನ’ ಇದನ್ನು ಸೊಗಸಾಗಿ ಸಾಧಿಸಿತು: ಸ್ವಚ್ಛ ಗಾಳಿಯ ಊರಿನಿಂದ ಉಕ್ಕಿನ ಊರಿನವರೆಗೆ 8,111 ಜನರನ್ನು ಹಿಂಬಾಲಿಸಿ, ಅತಿ ಸ್ವಚ್ಛ ನಗರಕ್ಕಿಂತ ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಶೇ 26ರಷ್ಟು ಹೆಚ್ಚೆಂದು ತೋರಿಸಿತು. ಆದರೆ ಆ 8,111 ಮಂದಿಯೂ ಬಿಳಿಯರು. ಗಾಳಿಯಲ್ಲಿ ವೈವಿಧ್ಯವಿತ್ತು, ಉಸಿರಾಡುವವರಲ್ಲಿ ಇರಲಿಲ್ಲ. ಇದು ಸಣ್ಣ ಕೊರತೆಯೆಂದು ನಾನು ಒಪ್ಪುವುದಿಲ್ಲ.

ಸಂಖ್ಯೆ ಈ ಕೊರತೆಯನ್ನು ತುಂಬುವುದಿಲ್ಲ. ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ಎಂಬ ಆರೋಗ್ಯ ಅಧ್ಯಯನದಲ್ಲಿ ಐದು ಲಕ್ಷ ಜನರಿದ್ದಾರೆ. ಆದರೆ ಆಹ್ವಾನಿತರಲ್ಲಿ ಬಂದವರು ಶೇ 5.5 ಮಾತ್ರ, ಅವರೂ ಸರಾಸರಿ ಪ್ರಜೆಗಿಂತ ಆರೋಗ್ಯವಂತರು, ಅನುಕೂಲಸ್ಥರು.

ಇಂಥ ಅಧ್ಯಯನಗಳ ‘ಎಲ್ಲರಿಗೂ ಮುಕ್ತ’ ಎಂಬ ಘೋಷಣೆಯೂ ಹೀಗೆಯೇ ಸವೆದಿದೆ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಪಾಳಿಯಲ್ಲಿ ದುಡಿಯುವವರು ಹಗಲು ಹನ್ನೊಂದಕ್ಕೆ ಬರಲಾಗುವುದಿಲ್ಲ. ಸಂಜೆಯ ಸಮಯ, ಪ್ರಯಾಣದ ವೆಚ್ಚ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ, ಅವರ ಭಾಷೆಯ ಒಪ್ಪಿಗೆ ಪತ್ರ ಇವೆಲ್ಲ ಅಧ್ಯಯನದ ವಿಧಾನದ ಭಾಗವೇ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಕೀಟನಾಶಕಗಳ ಪರಿಣಾಮ ಅರಿಯಲು ಕೃಷಿಕಾರ್ಮಿಕ ಕುಟುಂಬಗಳ ಗರ್ಭಿಣಿಯರನ್ನು 1999–2000ರಲ್ಲಿ ಸೇರಿಸಿಕೊಂಡ ಅಧ್ಯಯನ ಸ್ಪ್ಯಾನಿಷ್ ಬಲ್ಲ ಸಿಬ್ಬಂದಿಯನ್ನು ನಂಬಿಯೇ ನಡೆಯಿತು. ಅವರ ಮಕ್ಕಳನ್ನು ಯೌವನದವರೆಗೂ ಹಿಂಬಾಲಿಸಿತು. ಇಂಥ ಅಧ್ಯಯನಗಳಲ್ಲಿ ನಡುವೆ ಕೈಬಿಟ್ಟುಹೋಗುವವರು ಹೆಚ್ಚಾಗಿ ಬಾಡಿಗೆ ಮನೆ ಬದಲಿಸುತ್ತಲೇ ಇರುವವರು. ಹೊಗೆಗೂ ವಿಷಕ್ಕೂ ಹತ್ತಿರವಿರುವವರು ಬಹಳ ಸಲ ಅವರೇ. ಅವರು ಕಳಚಿಕೊಂಡರೆ ಮಾಲಿನ್ಯದ ಹಾನಿ ಇರುವುದಕ್ಕಿಂತ ಕಡಿಮೆ ಎಂದು ಲೆಕ್ಕಕ್ಕೆ ಸಿಗುವ ಅಪಾಯವಿದೆ.